ಭೂಮಿಯಾಚೆಗಿನ ಜೀವದ ಹುಡುಕಾಟಕ್ಕೆ ಹಲವು ದೇಶಗಳು ಕೂಡಿ ದುಡಿಯಬೇಕಾದದ್ದು ಏಕೆ, ಅದಕ್ಕೆ ಸಿದ್ಧರಾಗುವುದು ಹೇಗೆ?

ಪ್ರಶ್ನೆ: ನಾನು ಸೂಕ್ಷ್ಮಜೀವಿವಿಜ್ಞಾನದಲ್ಲಿ ಎಂ.ಎಸ್ಸಿ. ಎರಡನೆಯ ವರ್ಷದಲ್ಲಿ ಓದುತ್ತಿದ್ದೇನೆ. ಖಗೋಳ ಜೀವವಿಜ್ಞಾನದಲ್ಲಿ ಸಂಶೋಧನೆ ಮಾಡಬೇಕೆಂಬ ಆಸೆ ಇದೆ. ಈ ವಿಷಯದ ಯಾವ ಪ್ರಬಂಧವನ್ನು ತೆರೆದರೂ ಹತ್ತಾರು ಲೇಖಕರ, ಐದಾರು ದೇಶಗಳ ಹೆಸರು ಕಾಣಿಸುತ್ತವೆ. ಇಷ್ಟೊಂದು ದೇಶಗಳು ಕೂಡಿ ಮಾಡಬೇಕಾದ ಅಗತ್ಯವಾದರೂ ಏನು? ಇಂಥ ತಂಡಗಳನ್ನು ಸೇರಲು ಯಾವ ತರಬೇತಿ ಬೇಕು? ಅದಕ್ಕೆ ಪ್ರತ್ಯೇಕ ಪದವಿ ಪಡೆಯಬೇಕೇ?

ಉತ್ತರ: ನಿಮ್ಮ ಪ್ರಶ್ನೆಯ ಮೊದಲ ಭಾಗ ಸ್ಪಷ್ಟವಾದರೆ ಎರಡನೆಯ ಭಾಗಕ್ಕೆ ಅರ್ಧ ಉತ್ತರ ಸಿಕ್ಕಂತೆಯೇ. ಆದ್ದರಿಂದ ಅಲ್ಲಿಂದಲೇ ತೊಡಗುತ್ತೇನೆ. ಹಲವು ದೇಶಗಳವರು ಸೇರಿ ಕೆಲಸ ಮಾಡುವುದು ಖರ್ಚನ್ನು ಹಂಚಿಕೊಳ್ಳಲು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಅದು ಸುಳ್ಳಲ್ಲ; ಆದರೆ ನನ್ನ ಅಭಿಪ್ರಾಯದಲ್ಲಿ ಅದು ಮುಖ್ಯ ಕಾರಣವೂ ಅಲ್ಲ. ಭೂಮಿಯ ಹೊರಗೆ ಜೀವದ ಕುರುಹು ಸಿಕ್ಕಿದೆ ಎಂದು ಒಬ್ಬರು ಹೇಳಿದಾಗ, ಆ ಮಾತು ನಿಂತರೆ ಲಾಭವಾಗಲಿ ಬಿದ್ದರೆ ನಷ್ಟವಾಗಲಿ ಇಲ್ಲದ ಇನ್ನೊಬ್ಬರು, ಬೇರೆ ಉಪಕರಣದಿಂದ, ಬೇರೆ ವಿಧಾನದಿಂದ, ಅದನ್ನು ಮೊದಲಿನಿಂದ ಪರೀಕ್ಷಿಸಿ ನೋಡುವಂತಿರಬೇಕು. ಈ ಪರೀಕ್ಷೆಗೆ ಒಡ್ಡಿಕೊಳ್ಳದ ಫಲಿತಾಂಶಕ್ಕೆ ನಮ್ಮ ಕ್ಷೇತ್ರದಲ್ಲಿ ಬೆಲೆಯಿಲ್ಲ. ಸಹಯೋಗವೆಂದರೆ ಈ ಪರೀಕ್ಷೆಯನ್ನು ಸಾಧ್ಯವಾಗಿಸುವ ವ್ಯವಸ್ಥೆ. ತರಬೇತಿಯೆಂದರೆ ಅಂಥ ಪರೀಕ್ಷೆಗೆ ನಿಲ್ಲುವಂತೆ ಕೆಲಸ ಮಾಡುವುದನ್ನು ಕಲಿಯುವುದು.

ಶುಕ್ರಗ್ರಹದ ಫಾಸ್ಫೀನ್ ಪ್ರಕರಣವನ್ನೇ ತೆಗೆದುಕೊಳ್ಳಿ. 2020ರ ಸೆಪ್ಟೆಂಬರ್‌ನಲ್ಲಿ ಜೇನ್ ಗ್ರೀವ್ಸ್ ಮತ್ತು ಸಂಗಡಿಗರು ಶುಕ್ರನ ಮೋಡಗಳ ಮಟ್ಟದಲ್ಲಿ ಫಾಸ್ಫೀನ್ ಅನಿಲದ ಗುರುತು ಸಿಕ್ಕಿದೆಯೆಂದು ಪ್ರಕಟಿಸಿದರು. ಹವಾಯಿಯ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ದೂರದರ್ಶಕದಿಂದ 2017ರಲ್ಲಿ, ಚಿಲಿಯ ಆಲ್ಮಾ ದೂರದರ್ಶಕ ಸಮೂಹದಿಂದ 2019ರಲ್ಲಿ ಮಾಡಿದ ವೀಕ್ಷಣೆಗಳು ಅದಕ್ಕೆ ಆಧಾರವಾಗಿದ್ದವು. ನೂರು ಕೋಟಿ ಅಣುಗಳಲ್ಲಿ ಸುಮಾರು 20 ಅಣುಗಳಷ್ಟು ಫಾಸ್ಫೀನ್ ಇದೆ ಎಂಬುದು ಅವರ ಮೊದಲ ಅಂದಾಜು. ಭೂಮಿಯ ಮೇಲೆ ಈ ಅನಿಲ ಆಮ್ಲಜನಕವಿಲ್ಲದ ಕೆಸರಿನಂಥ ಕಡೆಗಳಲ್ಲಿ ಜೀವಿಗಳ ಚಟುವಟಿಕೆಯೊಡನೆ ಕಾಣಿಸಿಕೊಳ್ಳುವುದರಿಂದ ಸುದ್ದಿ ಜಗತ್ತನ್ನೆಲ್ಲ ಸುತ್ತಿತು. ನಂತರ ನಡೆದದ್ದು ನಮಗೆ ಹೆಚ್ಚು ಮುಖ್ಯ. ಆಲ್ಮಾದ ದತ್ತಾಂಶ ಯಾರು ಬೇಕಾದರೂ ತೆಗೆದು ನೋಡಬಹುದಾದ ಭಂಡಾರದಲ್ಲಿತ್ತು. ಬೇರೆ ಬೇರೆ ದೇಶಗಳ ಗುಂಪುಗಳು ಅದನ್ನು ಇಳಿಸಿಕೊಂಡು ತಾವೇ ಲೆಕ್ಕ ಹಾಕಿದವು. ಅಲೆಅಲೆಯಾಗಿದ್ದ ಹಿನ್ನೆಲೆಯನ್ನು ತೆಗೆದುಹಾಕಲು ಬಳಸಿದ ಗಣಿತದ ಕ್ರಮವೇ, ರೋಹಿತದಲ್ಲಿ ಅನಿಲದ ಗುರುತಾದ ಗೆರೆ ಇಲ್ಲದಿದ್ದರೂ ಇದ್ದಂತೆ ತೋರಿಸಬಲ್ಲದು ಎಂದು ಒಂದು ಗುಂಪು ವಾದಿಸಿತು. ಅದೇ ತರಂಗಾಂತರದ ಬಳಿ ಗಂಧಕದ ಡೈಆಕ್ಸೈಡ್‌ನ ಗೆರೆಯೂ ಬೀಳುತ್ತದೆ ಎಂದು ಇನ್ನೊಂದು ಗುಂಪು ತೋರಿಸಿತು. ಈ ನಡುವೆ ವೀಕ್ಷಣಾಲಯದವರೇ ಮೂಲ ದತ್ತಾಂಶವನ್ನು ಸಂಸ್ಕರಿಸಿದ ಕ್ರಮದಲ್ಲಿ ದೋಷವಿದ್ದುದನ್ನು ಕಂಡುಕೊಂಡು ಅದನ್ನು ಹೊಸದಾಗಿ ಸಂಸ್ಕರಿಸಿ ಕೊಟ್ಟರು, ಮತ್ತು ಮೊದಲು ಘೋಷಿಸಿದ ತಂಡ ತಾನೇ ತನ್ನ ಅಂದಾಜನ್ನು ಬಹಳಷ್ಟು ತಗ್ಗಿಸಿತು. ವಿವಾದ ಇನ್ನೂ ಮುಗಿದಿಲ್ಲ. ಆದರೆ ಒಂದು ಮಾತನ್ನು ಗಮನಿಸಿ: ಕೆಲವೇ ತಿಂಗಳುಗಳಲ್ಲಿ ಇಷ್ಟೆಲ್ಲ ನಡೆಯಲು ಸಾಧ್ಯವಾದದ್ದು ದೂರದರ್ಶಕಗಳೂ ದತ್ತಾಂಶವೂ ಯಾವುದೇ ಒಂದು ದೇಶದ ಬೀಗದೊಳಗೆ ಇರಲಿಲ್ಲವಾದ್ದರಿಂದ.

ದೇಶಗಳು ಕೂಡಿ ದುಡಿಯಲು ಇನ್ನೊಂದು ಕಾರಣವನ್ನು ಪ್ರಕೃತಿಯೇ ಒದಗಿಸುತ್ತದೆ. ಒಂದು ನಕ್ಷತ್ರವನ್ನು ಬಿಡದೆ ನೋಡುತ್ತಿರಬೇಕಾದರೆ ಒಂದೇ ಊರಿನ ರಾತ್ರಿ ಸಾಲದು. ಸುಮಾರು 40 ಜ್ಯೋತಿರ್ವರ್ಷ ದೂರದ ಟ್ರಾಪಿಸ್ಟ್-1 ನಕ್ಷತ್ರದ ಸುತ್ತ ಮೂರು ಗ್ರಹಗಳಿವೆಯೆಂದು 2016ರಲ್ಲಿ ಪ್ರಕಟಿಸಿದ ಬೆಲ್ಜಿಯಂ ನೇತೃತ್ವದ ತಂಡ ಚಿಲಿಯ ತನ್ನ ಸಣ್ಣ ದೂರದರ್ಶಕದ ಜೊತೆಗೆ ಹವಾಯಿಯ ದೂರದರ್ಶಕವನ್ನೂ, ಲಡಾಖ್‌ನ ಹಾನ್ಲೆಯಲ್ಲಿರುವ ಹಿಮಾಲಯನ್ ಚಂದ್ರ ದೂರದರ್ಶಕವನ್ನೂ ಬಳಸಿತ್ತು. ಮರುವರ್ಷ ಮೊರಾಕೊ, ದಕ್ಷಿಣ ಆಫ್ರಿಕಾ, ಕೆನರಿ ದ್ವೀಪಗಳ ದೂರದರ್ಶಕಗಳೂ ನಾಸಾದ ಸ್ಪಿಟ್ಜರ್ ಬಾಹ್ಯಾಕಾಶ ದೂರದರ್ಶಕವೂ ಸೇರಿದ ಮೇಲೆ ಗ್ರಹಗಳ ಸಂಖ್ಯೆ ಏಳಕ್ಕೇರಿತು. ಒಂದೆಡೆ ಬೆಳಗಾಗುವ ಹೊತ್ತಿಗೆ ಇನ್ನೊಂದೆಡೆ ಕತ್ತಲಾಗಬೇಕು ಎಂಬ ಸರಳ ಅಗತ್ಯವೇ ಇಲ್ಲಿ ದೇಶಗಳನ್ನು ಒಂದು ದಾರದಲ್ಲಿ ಪೋಣಿಸಿತು.

ಕಲ್ಲು, ಮಣ್ಣುಗಳ ವಿಷಯಕ್ಕೆ ಬಂದರೆ ಸಹಯೋಗ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಜಪಾನಿನ ಹಯಬುಸಾ-2 ನೌಕೆ ರ್ಯುಗು ಕ್ಷುದ್ರಗ್ರಹದಿಂದ ತಂದ 5.4 ಗ್ರಾಂ ಮಾದರಿ 2020ರ ಡಿಸೆಂಬರ್‌ನಲ್ಲಿ ಆಸ್ಟ್ರೇಲಿಯಾದ ವೂಮೆರಾ ಮರುಭೂಮಿಯಲ್ಲಿ ಇಳಿಯಿತು. ಅಮೆರಿಕದ ಒಸೈರಿಸ್-ರೆಕ್ಸ್ ನೌಕೆ ಬೆನ್ನು ಕ್ಷುದ್ರಗ್ರಹದಿಂದ ತಂದ 121.6 ಗ್ರಾಂ ಮಾದರಿ 2023ರ ಸೆಪ್ಟೆಂಬರ್ 24ರಂದು ಯೂಟಾದಲ್ಲಿ ಇಳಿಯಿತು. ಈ ಎರಡು ದೇಶಗಳು ಮೊದಲೇ ಒಪ್ಪಂದ ಮಾಡಿಕೊಂಡಿದ್ದವು: ರ್ಯುಗು ಮಾದರಿಯ ಶೇಕಡಾ 10 ಭಾಗ ನಾಸಾಕ್ಕೆ, ಬೆನ್ನು ಮಾದರಿಯ ಶೇಕಡಾ 0.5 ಭಾಗ ಜಪಾನಿನ ಬಾಹ್ಯಾಕಾಶ ಸಂಸ್ಥೆ ಜಾಕ್ಸಾಕ್ಕೆ. ಒಸೈರಿಸ್-ರೆಕ್ಸ್ ನೌಕೆಗೆ ಲೇಸರ್ ಉಪಕರಣವನ್ನು ಒದಗಿಸಿದ ಕೆನಡಾಕ್ಕೆ ಬೆನ್ನು ಮಾದರಿಯ ಶೇಕಡಾ 4 ಭಾಗ. ರ್ಯುಗುವಿನಲ್ಲಿ ಆರ್‌ಎನ್‌ಎಯ ಘಟಕವಾದ ಯುರಾಸಿಲ್ ಸಿಕ್ಕ ಸುದ್ದಿ 2023ರಲ್ಲಿ ಬಂದರೆ, ಜೀವಿಗಳ ಪ್ರೋಟೀನುಗಳಲ್ಲಿರುವ 20 ಅಮಿನೊ ಆಮ್ಲಗಳ ಪೈಕಿ 14 ಹಾಗೂ ಡಿಎನ್‌ಎ, ಆರ್‌ಎನ್‌ಎಗಳ ಐದೂ ನ್ಯೂಕ್ಲಿಯೋಬೇಸ್‌ಗಳು ಬೆನ್ನುವಿನಲ್ಲಿವೆಯೆಂದು 2025ರ ಜನವರಿಯಲ್ಲಿ ಪ್ರಕಟವಾಯಿತು. ಆ ಅಮಿನೊ ಆಮ್ಲಗಳಲ್ಲಿ, ಒಂದಕ್ಕೊಂದು ಕನ್ನಡಿಯ ಬಿಂಬದಂತಿರುವ ಎಡಗೈ ಮತ್ತು ಬಲಗೈ ರೂಪಗಳು ಹೆಚ್ಚುಕಡಿಮೆ ಸಮನಾಗಿದ್ದವು. ಭೂಮಿಯ ಜೀವಿಗಳಿಂದ ಬಂದ ಕಲಬೆರಕೆಯಾಗಿದ್ದರೆ ಎಡಗೈ ರೂಪವೇ ಮೇಲುಗೈ ಪಡೆದಿರುತ್ತಿತ್ತು. ಬೆನ್ನು ಮಾದರಿಯ ಶೇಕಡಾ 70 ಭಾಗವನ್ನಾದರೂ ಮುಂದಿನ ಪೀಳಿಗೆಯ ಸಂಶೋಧಕರಿಗೆಂದು ಮುಟ್ಟದೆ ಇಡಲು ನಿರ್ಧರಿಸಲಾಗಿದೆ. ಅಂದರೆ ನೀವು ಇನ್ನು ಹದಿನೈದು ವರ್ಷಗಳ ನಂತರ, ಇಂದು ಇಲ್ಲದ ಉಪಕರಣದಿಂದ, ಅದರ ಒಂದು ಕಣವನ್ನು ನೋಡಬಹುದು. ಈ ನಿರ್ಧಾರ ನನಗೆ ಬಹಳ ಪ್ರಿಯವಾದದ್ದು.

ಕಲಬೆರಕೆಯ ಮಾತು ಬಂದದ್ದರಿಂದ ನನ್ನದೇ ಒಂದು ಅನುಭವವನ್ನು ಹೇಳಬೇಕು, ಏಕೆಂದರೆ ತರಬೇತಿಯ ತಿರುಳು ನನಗೆ ತಿಳಿದದ್ದು ಅಲ್ಲಿ. ಬಿಸಿನೀರಿನ ಬುಗ್ಗೆಯೊಂದರ ಸುತ್ತ ಗಟ್ಟಿಯಾದ ಸಿಲಿಕಾ ಪದರದಲ್ಲಿ ಕೊಬ್ಬಿನ ಜಾತಿಯ ಅಣುಗಳು ಎಷ್ಟು ಕಾಲ ಉಳಿಯುತ್ತವೆಂದು ನೋಡುವುದು ನಮ್ಮ ತಂಡದ ಉದ್ದೇಶವಾಗಿತ್ತು. ಒಂದೇ ಕಲ್ಲನ್ನು ಮೂರು ತುಂಡು ಮಾಡಿ ಮೂರು ದೇಶಗಳ ಮೂರು ಪ್ರಯೋಗಾಲಯಗಳಿಗೆ ಕಳುಹಿಸಿದೆವು. ನನ್ನ ತುಂಡಿನಲ್ಲಿ ಇಪ್ಪತ್ತೆರಡು ಇಂಗಾಲದ ಸರಪಣಿಯುಳ್ಳ ಕೊಬ್ಬಿನಾಮ್ಲದ ಅಮೈಡ್ ಚೆನ್ನಾಗಿ ಎದ್ದು ಕಂಡಿತು. ಎರಡು ವಾರ ನಾನು ಅದನ್ನೇ ಧ್ಯಾನಿಸಿದೆ. ಅದಕ್ಕೊಂದು ಜೈವಿಕ ವಿವರಣೆಯನ್ನೂ ಬರೆದಿಟ್ಟುಕೊಂಡೆ. ಉಳಿದ ಇಬ್ಬರಿಗೆ ಅದು ಕಾಣಲೇ ಇಲ್ಲ. ಆ ಇಬ್ಬರಲ್ಲಿ ಒಬ್ಬರು ಪತ್ರ ಬರೆದು ಒಂದೇ ಪ್ರಶ್ನೆ ಕೇಳಿದರು: ಕಲ್ಲನ್ನು ಯಾವುದರಲ್ಲಿ ಸುತ್ತಿದ್ದಿರಿ? ಅವರಿಬ್ಬರ ತುಂಡುಗಳು ಒಲೆಯಲ್ಲಿ ಸುಟ್ಟು ಶುದ್ಧ ಮಾಡಿದ ಅಲ್ಯೂಮಿನಿಯಂ ಹಾಳೆಯಲ್ಲಿದ್ದವು. ಹಾಳೆ ಮುಗಿದದ್ದರಿಂದ ನನ್ನದನ್ನು ಮಾತ್ರ ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡಿದ್ದೆ. ಚೀಲದ ಪದರಗಳು ಒಂದಕ್ಕೊಂದು ಅಂಟದಿರಲೆಂದು ತಯಾರಕರು ಸೇರಿಸುವ ಎರುಕಮೈಡ್ ಎಂಬ ವಸ್ತುವೇ ನನ್ನ ಆವಿಷ್ಕಾರವಾಗಿತ್ತು. ಖಾಲಿ ಚೀಲವನ್ನು ತೊಳೆದ ದ್ರಾವಕವನ್ನು ಯಂತ್ರಕ್ಕೆ ಹಾಕಿದಾಗ ಅದರ ನಕ್ಷೆಯಲ್ಲಿ ಅದೇ ಶಿಖರ ಅದೇ ನಿಮಿಷಕ್ಕೆ ಮೂಡಿತು.

ಆ ದಿನದಿಂದ ನಮ್ಮ ವಿದ್ಯಾರ್ಥಿಗಳಿಗೆ ಮೊದಲು ಕಲಿಸುವುದು ಬ್ಲ್ಯಾಂಕ್ ತೆಗೆಯುವುದನ್ನು, ಎಂದರೆ ಮಾದರಿಯೇ ಇಲ್ಲದೆ ಅದೇ ಕ್ರಮವನ್ನು ನಡೆಸಿ ಹೊರಗಿನಿಂದ ಏನೇನು ಸೇರುತ್ತದೆಂದು ನೋಡುವುದನ್ನು. ಗಾಜಿನ ಸೀಸೆಗಳನ್ನೂ ಹಾಳೆಯನ್ನೂ 450ರಿಂದ 500 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಂಟೆಗಟ್ಟಲೆ ಸುಟ್ಟು ಸಾವಯವ ವಸ್ತುವನ್ನು ಕಳೆಯಬೇಕು. ಬುಗ್ಗೆಯ ದಡದಲ್ಲಿ ಮಾದರಿ ತುಂಬುವ ಸೀಸೆಯ ಪಕ್ಕದಲ್ಲಿ ಇನ್ನೊಂದು ಖಾಲಿ ಸೀಸೆಯ ಮುಚ್ಚಳವನ್ನೂ ಅಷ್ಟೇ ಹೊತ್ತು ತೆರೆದಿಟ್ಟು ಮುಚ್ಚಬೇಕು. ಗಾಳಿಯಲ್ಲಿ, ಕೈಯಲ್ಲಿ, ಮುಖಕ್ಕೆ ಹಚ್ಚಿದ ಕ್ರೀಮಿನಲ್ಲಿ ಇರುವುದೆಲ್ಲ ಅದರಲ್ಲಿ ದಾಖಲಾಗುತ್ತದೆ. ಡಿಎನ್‌ಎ ಬೇರ್ಪಡಿಸುವಾಗ ಮಾದರಿಯೇ ಇಲ್ಲದ ಒಂದು ನಳಿಕೆಯನ್ನೂ ಕೊನೆಯ ಹಂತದವರೆಗೆ ಒಯ್ಯಬೇಕು, ಏಕೆಂದರೆ ಕಿಟ್‌ನ ರಾಸಾಯನಿಕಗಳಲ್ಲಿಯೇ ಬ್ಯಾಕ್ಟೀರಿಯಾದ ಡಿಎನ್‌ಎ ಇರುತ್ತದೆ. ಜೀವಿಗಳು ವಿರಳವಾದ ಕಲ್ಲಿನಲ್ಲಿ ಅದು ಕಲ್ಲಿನದ್ದನ್ನೂ ಮೀರಿಸಬಹುದು. ಇದೆಲ್ಲ ಸಣ್ಣ ಕೆಲಸವೆಂದು ತೋರುತ್ತದೆ. ಆದರೆ ಬೇರೆ ದೇಶದ ಪ್ರಯೋಗಾಲಯದವರು ನಿಮ್ಮನ್ನು ನಂಬುವುದು ನಿಮ್ಮ ಪದವಿಯನ್ನು ನೋಡಿಯಲ್ಲ, ನಿಮ್ಮ ಬ್ಲ್ಯಾಂಕ್‌ಗಳನ್ನು ನೋಡಿ.

ಇನ್ನು ಹಲವು ಶಾಸ್ತ್ರಗಳವರು ಏಕೆ ಬೇಕು ಎಂಬುದಕ್ಕೆ ಗ್ರೀನ್‌ಲ್ಯಾಂಡ್‌ನ ಇಸುವಾ ಬಂಡೆಗಳನ್ನು ನೋಡಿ. ಸುಮಾರು 370 ಕೋಟಿ ವರ್ಷ ಹಳೆಯದಾದ ಅಲ್ಲಿನ ಬಂಡೆಯಲ್ಲಿ ಸೂಕ್ಷ್ಮಜೀವಿಗಳು ಪದರಪದರವಾಗಿ ಕಟ್ಟಿದ, ಸ್ಟ್ರೊಮ್ಯಾಟೊಲೈಟ್ ಎಂಬ ಶಂಕುವಿನಾಕಾರದ ರಚನೆಗಳಿವೆಯೆಂದು 2016ರಲ್ಲಿ ಪ್ರಕಟವಾಯಿತು. ಆಬಿಗೈಲ್ ಆಲ್‌ವುಡ್ ಮತ್ತು ಸಂಗಡಿಗರು ಆ ಜಾಗಕ್ಕೇ ಹೋಗಿ, ಬಂಡೆಯನ್ನು ಒಂದೇ ಮುಖದಿಂದ ನೋಡದೆ ಮೂರು ಆಯಾಮಗಳಲ್ಲಿ ಪರಿಶೀಲಿಸಿ, ಆ ಶಂಕುಗಳು ಬಂಡೆ ಮಡಿಸಿ ಹಿಂಡಿದಾಗ ಉಂಟಾದ ಏಣುಗಳು ಎಂದು 2018ರಲ್ಲಿ ವಾದಿಸಿದರು. ಮೊದಲಿನ ತಂಡ ಈ ವಾದವನ್ನು ಒಪ್ಪಿಲ್ಲ. ಸೂಕ್ಷ್ಮಜೀವಿವಿಜ್ಞಾನಿಯೊಬ್ಬರು ಎಷ್ಟೇ ಸಮರ್ಥರಾಗಿದ್ದರೂ ಕೇವಲ ಛಾಯಾಚಿತ್ರ ನೋಡಿ ಈ ಪ್ರಶ್ನೆಯನ್ನು ಬಿಡಿಸಲಾರರು. ಬಂಡೆ ಹೇಗೆ ಮಡಿಸಿಕೊಳ್ಳುತ್ತದೆಂದು ಬಲ್ಲವರು ಪಕ್ಕದಲ್ಲಿ ನಿಂತಿರಬೇಕು. ಹಾಗೆಯೇ ಆಸ್ಟ್ರೇಲಿಯಾದ ಪಿಲ್ಬರಾದಲ್ಲಿ ಸುಮಾರು 348 ಕೋಟಿ ವರ್ಷದ ಡ್ರೆಸರ್ ಶಿಲಾಸ್ತರ, ಸ್ಪೇನಿನಲ್ಲಿ ನಿಂಬೆರಸದಷ್ಟು ಹುಳಿಯಾದ ಕೆಂಪು ನೀರಿನ ರಿಯೊ ಟಿಂಟೊ ನದಿ, ಚಿಲಿಯ ಅಟಕಾಮಾ ಮರುಭೂಮಿ, ಅಂಟಾರ್ಕ್ಟಿಕಾದ ಒಣ ಕಣಿವೆಗಳು, ಲಡಾಖ್‌ನ ಪೂಗಾ ಬುಗ್ಗೆಗಳು: ಮಂಗಳ ಹಾಗೂ ಆದಿಕಾಲದ ಭೂಮಿಯ ಪರಿಸ್ಥಿತಿಯನ್ನು ನೆನಪಿಸುವ ಈ ತಾಣಗಳು ಯಾವುದೇ ಒಂದು ದೇಶದಲ್ಲಿ ಗುಂಪಾಗಿ ಸಿಗುವುದಿಲ್ಲ.

ಈ ತಾಣಗಳ ಬಗ್ಗೆ ನನಗೆ ನೋವು ತರುವ ಒಂದು ಸಂಗತಿಯೂ ಇದೆ. ಹಣವಿರುವ ದೇಶದಿಂದ ತಂಡವೊಂದು ಬರುತ್ತದೆ, ದಾರಿ ತೋರಿಸಿ ಹೊರೆ ಹೊರುವ ಕೆಲಸವನ್ನು ಸ್ಥಳೀಯರಿಗೆ ಕೊಡುತ್ತದೆ, ಹತ್ತು ದಿನಗಳಲ್ಲಿ ಮಾದರಿ ತುಂಬಿಕೊಂಡು ಹೋಗುತ್ತದೆ, ಎರಡು ವರ್ಷಗಳ ನಂತರ ಬರುವ ಪ್ರಬಂಧದಲ್ಲಿ ಆ ದೇಶದ ಒಬ್ಬರ ಹೆಸರೂ ಇರುವುದಿಲ್ಲ. ಇದನ್ನು ಸಹಯೋಗ ಎನ್ನಲಾಗದು. ಆನುವಂಶಿಕ ಸಂಪನ್ಮೂಲಗಳ ಬಳಕೆಯಿಂದ ಬರುವ ಲಾಭವನ್ನು ಮೂಲ ದೇಶದೊಡನೆ ನ್ಯಾಯವಾಗಿ ಹಂಚಿಕೊಳ್ಳಬೇಕೆನ್ನುವ ನಗೋಯಾ ಒಡಂಬಡಿಕೆ 2010ರಲ್ಲಿ ಅಂಗೀಕಾರವಾಗಿ 2014ರಲ್ಲಿ ಜಾರಿಗೆ ಬಂತು. ಸೂಕ್ಷ್ಮಜೀವಿಗಳೂ ಅದರ ವ್ಯಾಪ್ತಿಯಲ್ಲಿವೆ. ಆದ್ದರಿಂದ ಬುಗ್ಗೆಯ ಪಾಚಿಯನ್ನು ಗಡಿ ದಾಟಿಸುವ ಮೊದಲು ಯಾವ ಅನುಮತಿ ಬೇಕು, ತಳಿಗಳನ್ನು ಯಾವ ಸಂಗ್ರಹಾಲಯದಲ್ಲಿ ಇಡಬೇಕು ಎಂಬುದನ್ನು ತಿಳಿದಿರುವುದು ತರಬೇತಿಯ ಭಾಗವೇ. ಮಾದರಿ ಯಾರದು, ದತ್ತಾಂಶವನ್ನು ಯಾವಾಗ ಎಲ್ಲರಿಗೂ ತೆರೆಯಬೇಕು, ಲೇಖಕರ ಪಟ್ಟಿಯಲ್ಲಿ ಯಾರಿರುತ್ತಾರೆ ಎಂಬುದನ್ನು ಕ್ಷೇತ್ರಕ್ಕೆ ಇಳಿಯುವ ಮೊದಲೇ ಒಂದು ಪುಟದಲ್ಲಿ ಬರೆದು ಎಲ್ಲರೂ ಸಹಿ ಮಾಡಿದರೆ, ಆಮೇಲಿನ ಮನಸ್ತಾಪಗಳಲ್ಲಿ ಬಹುಪಾಲು ಹುಟ್ಟುವುದೇ ಇಲ್ಲ. ನೀವು ತಂಡದಲ್ಲಿ ಎಲ್ಲರಿಗಿಂತ ಕಿರಿಯರಾಗಿದ್ದರೂ ಈ ಪುಟವನ್ನು ಕೇಳಲು ಹಿಂಜರಿಯಬೇಡಿ.

ಪದವಿಯ ಪ್ರಶ್ನೆಗೆ ಬರುತ್ತೇನೆ. ಪ್ರತ್ಯೇಕ ಪದವಿ ಬೇಕಿಲ್ಲ. ಒಂದು ಶಾಸ್ತ್ರದಲ್ಲಿ ಆಳವಾಗಿ ಬೇರೂರುವುದಕ್ಕೆ ಮುಂಚೆ ಅದನ್ನು ಪಡೆಯುವುದು ಒಳ್ಳೆಯದೂ ಅಲ್ಲವೆಂಬುದು ನನ್ನ ದೃಢ ಅಭಿಪ್ರಾಯ. ಈ ಕ್ಷೇತ್ರಕ್ಕೆ ಹೆಸರಾದ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯ, ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯಗಳಲ್ಲಿಯೂ ವಿದ್ಯಾರ್ಥಿಗಳು ಭೂವಿಜ್ಞಾನ, ಖಗೋಳವಿಜ್ಞಾನ, ಸೂಕ್ಷ್ಮಜೀವಿವಿಜ್ಞಾನದಂಥ ಒಂದು ತವರು ವಿಭಾಗಕ್ಕೆ ಸೇರಿ, ಅದರ ಪಿಎಚ್.ಡಿ.ಯ ಜೊತೆಗೇ ಖಗೋಳ ಜೀವವಿಜ್ಞಾನವನ್ನು ಕೂಡಿಸಿಕೊಳ್ಳುತ್ತಾರೆ. ತಂಡಕ್ಕೆ ಬೇಕಾದದ್ದು ಎಲ್ಲವನ್ನೂ ಅಷ್ಟಿಷ್ಟು ಬಲ್ಲವರಲ್ಲ. ಬೇರೆ ಯಾರೂ ಮಾಡಲಾಗದ ಒಂದು ಅಳತೆಯನ್ನು ಮಾಡಬಲ್ಲ, ಅದೇ ಹೊತ್ತಿಗೆ ಪಕ್ಕದ ಶಾಸ್ತ್ರದವರ ಮಾತನ್ನು ಅರ್ಥ ಮಾಡಿಕೊಳ್ಳಬಲ್ಲ ವ್ಯಕ್ತಿ ಅದಕ್ಕೆ ಬೇಕು. ನೀವು ಸೂಕ್ಷ್ಮಜೀವಿವಿಜ್ಞಾನಿಯಾಗಿ ಆಮ್ಲಜನಕವಿಲ್ಲದೆ ಬದುಕುವ ಜೀವಿಗಳನ್ನು ಬೆಳೆಸುವುದನ್ನೋ ಜೀನೋಮ್ ದತ್ತಾಂಶದಿಂದ ಚಯಾಪಚಯದ ದಾರಿಗಳನ್ನು ಓದುವುದನ್ನೋ ಚೆನ್ನಾಗಿ ಕಲಿತು, ಅಣುಗಳನ್ನು ಅವುಗಳ ತೂಕದಿಂದ ಗುರುತಿಸುವ ಮಾಸ್ ಸ್ಪೆಕ್ಟ್ರೋಮೆಟ್ರಿ, ಸಂಖ್ಯಾಶಾಸ್ತ್ರ, ಪೈಥಾನ್ ಅಥವಾ ಆರ್‌ನಲ್ಲಿ ಪ್ರೋಗ್ರಾಂ ಬರೆಯುವುದು, ಖನಿಜಗಳನ್ನು ಗುರುತಿಸುವಷ್ಟು ಭೂವಿಜ್ಞಾನ, ಇವನ್ನು ಅದರ ಸುತ್ತ ಸೇರಿಸಿಕೊಳ್ಳಿ.

ನಿಮ್ಮ ಶಾಸ್ತ್ರಕ್ಕೆ ನೇರವಾಗಿ ಬಾಗಿಲು ತೆರೆದಿರುವ ಒಂದು ಉಪಶಾಖೆಯಿದೆ. ವಿದ್ಯಾರ್ಥಿಗಳು ಅದನ್ನು ಏಕೋ ಕಡೆಗಣಿಸುತ್ತಾರೆ. ಅದು ಗ್ರಹಗಳ ರಕ್ಷಣೆ, ಎಂದರೆ ಭೂಮಿಯ ಸೂಕ್ಷ್ಮಜೀವಿಗಳು ನೌಕೆಯ ಮೇಲೆ ಕುಳಿತು ಮಂಗಳಕ್ಕೋ ಗುರುವಿನ ಉಪಗ್ರಹ ಯುರೋಪಾಕ್ಕೋ ಹೋಗದಂತೆ ನೋಡಿಕೊಳ್ಳುವುದು, ಅಲ್ಲಿಂದ ತರುವ ಮಾದರಿಗಳಿಂದ ಭೂಮಿಯನ್ನು ಕಾಪಾಡುವುದು. 1967ರ ಬಾಹ್ಯಾಕಾಶ ಒಪ್ಪಂದದ ಒಂಬತ್ತನೆಯ ವಿಧಿ ಹಾನಿಕಾರಕ ಕಲುಷಿತತೆಯನ್ನು ತಡೆಯಬೇಕೆಂದು ಹೇಳುತ್ತದೆ. ಅದನ್ನು ಕಾರ್ಯಕ್ಕಿಳಿಸುವ ಮಾರ್ಗಸೂಚಿಗಳನ್ನು 1958ರಲ್ಲಿ ಸ್ಥಾಪನೆಯಾದ ಕಾಸ್ಪರ್ ಎಂಬ ಅಂತರರಾಷ್ಟ್ರೀಯ ಸಮಿತಿ ರೂಪಿಸುತ್ತದೆ. ನೌಕೆ ಜೋಡಿಸುವ ಶುದ್ಧ ಕೊಠಡಿಗಳಲ್ಲಿ ಎಷ್ಟು ತೊಳೆದರೂ ಬದುಕುವ ಜೀವಿಗಳ ಪಟ್ಟಿಯನ್ನು ದೇಶಗಳು ಒಟ್ಟುಗೂಡಿಸುತ್ತ ಬಂದಿವೆ. ಫ್ಲಾರಿಡಾದಲ್ಲಿ ಮಂಗಳಕ್ಕೆ ಹೋಗಲಿದ್ದ ಫೀನಿಕ್ಸ್ ನೌಕೆಯನ್ನು ಸಿದ್ಧಪಡಿಸುತ್ತಿದ್ದಾಗ 2007ರಲ್ಲಿ ಒಂದು ಬ್ಯಾಕ್ಟೀರಿಯಾ ಸಿಕ್ಕಿತು. ಅಲ್ಲಿಂದ ಸುಮಾರು 4,000 ಕಿಲೋಮೀಟರ್ ದೂರದ ಫ್ರೆಂಚ್ ಗಯಾನಾದ ಕೌರೂವಿನಲ್ಲಿ, ಯುರೋಪಿನ ಹರ್ಷೆಲ್ ನೌಕೆಯ ಕೊಠಡಿಯಲ್ಲಿ, 2009ರಲ್ಲಿ ಅದೇ ಜಾತಿಯ ಬ್ಯಾಕ್ಟೀರಿಯಾ ಸಿಕ್ಕಿತು. ಎರಡು ಕಡೆಯ ಸಂಶೋಧಕರು ತಮ್ಮ ತಳಿಗಳನ್ನು ಹೋಲಿಸಿ ನೋಡಿದ್ದರಿಂದಲೇ ಅದು ಹೊಸ ಕುಲವೆಂದು ಗೊತ್ತಾಗಿ ಟರ್ಸಿಕಾಕಸ್ ಫೀನಿಸಿಸ್ ಎಂಬ ಹೆಸರು ಪಡೆಯಿತು. ಅಗರ್ ತಟ್ಟೆಯ ಮೇಲೆ ವಸಾಹತುಗಳನ್ನು ಎಣಿಸಿ ಅಭ್ಯಾಸವಿರುವ ನಿಮಗೆ ಇದಕ್ಕಿಂತ ಹತ್ತಿರದ ಕೆಲಸ ಯಾವುದಿದೆ?

ತರಬೇತಿ ಸಿಗುವ ಜಾಗಗಳನ್ನು ಚುಟುಕಾಗಿ ಹೇಳುತ್ತೇನೆ. ನಾಸಾ 1998ರಲ್ಲಿ ಆರಂಭಿಸಿದ ಖಗೋಳ ಜೀವವಿಜ್ಞಾನ ಸಂಸ್ಥೆ ಒಂದೇ ಕಟ್ಟಡದಲ್ಲಿರದೆ ಹಲವು ವಿಶ್ವವಿದ್ಯಾಲಯಗಳ ತಂಡಗಳನ್ನು ಜೋಡಿಸುವ ಜಾಲವಾಗಿತ್ತು. ಹೆಪಟೈಟಿಸ್-ಬಿ ವೈರಸ್ ಕುರಿತ ಕೆಲಸಕ್ಕೆ ನೊಬೆಲ್ ಪಡೆದ ಬರೂಕ್ ಬ್ಲಂಬರ್ಗ್ ಅದರ ಆರಂಭದ ನಿರ್ದೇಶಕರಾಗಿದ್ದರು ಎಂಬುದು ಜೀವವಿಜ್ಞಾನದ ವಿದ್ಯಾರ್ಥಿಗಳಿಗೆ ತಿಳಿದಿರಲಿ. 2019ರ ಕೊನೆಗೆ ಅದು ಮುಗಿದು, ಅದರ ಜಾಗಕ್ಕೆ ವಿಷಯವಾರು ಸಂಶೋಧನಾ ಜಾಲಗಳು ಬಂದವು. ಸ್ಪೇನಿನ ಮ್ಯಾಡ್ರಿಡ್ ಬಳಿಯ ಖಗೋಳ ಜೀವವಿಜ್ಞಾನ ಕೇಂದ್ರ 1999ರಲ್ಲಿ, ಯುರೋಪಿನ ಜಾಲಸಂಘವಾದ ಇಎಎನ್‌ಎ 2001ರಲ್ಲಿ, ಭೂಮಿ ಮತ್ತು ಜೀವದ ಉಗಮವನ್ನು ಅಧ್ಯಯನ ಮಾಡುವ ಟೋಕಿಯೊದ ಎಲ್ಸಿ ಸಂಸ್ಥೆ 2012ರಲ್ಲಿ, ಯುರೋಪಿಯನ್ ಖಗೋಳ ಜೀವವಿಜ್ಞಾನ ಸಂಸ್ಥೆ 2019ರಲ್ಲಿ ಹುಟ್ಟಿದವು. ಸ್ಪೇನಿನ ಸಾಂತಾಂದೇರ್‌ನಲ್ಲಿ ನಡೆದುಬಂದಿರುವ ಬೇಸಿಗೆ ಶಾಲೆ ಒಂದು ವಾರ ಒಂದೇ ವಿಷಯವನ್ನು ಹಿಡಿದು ಹಲವು ದೇಶಗಳ ವಿದ್ಯಾರ್ಥಿಗಳನ್ನು ಒಟ್ಟಿಗೆ ಕೂರಿಸುತ್ತದೆ. 2004ರಲ್ಲಿ ಶುರುವಾದ ಆ್ಯಬ್‌ಗ್ರ್ಯಾಡ್‌ಕಾನ್ ಸಮ್ಮೇಳನವನ್ನು ಸಂಶೋಧನಾ ವಿದ್ಯಾರ್ಥಿಗಳೇ ನಡೆಸುತ್ತಾರೆ. ಹಿರಿಯರ ಭಯವಿಲ್ಲದೆ ಪ್ರಶ್ನೆ ಕೇಳಲು ಅದಕ್ಕಿಂತ ಒಳ್ಳೆಯ ವೇದಿಕೆಯನ್ನು ನಾನು ಕಂಡಿಲ್ಲ. ಪಯಣಕ್ಕೆ ಹಣವಿಲ್ಲದವರಿಗೆ ಎಡಿನ್‌ಬರೋ ವಿಶ್ವವಿದ್ಯಾಲಯದ ಚಾರ್ಲ್ಸ್ ಕಾಕೆಲ್ ಅವರು ರೂಪಿಸಿದ ಆನ್‌ಲೈನ್ ಪಾಠಗಳು ಒಳ್ಳೆಯ ಆರಂಭ. ಇಂಥ ಅವಕಾಶಗಳು ಯೋಜನೆಯ ಅವಧಿ ಮುಗಿದೊಡನೆ ನಿಲ್ಲುವುದುಂಟು: ಹೊರದೇಶಗಳ ಸಂಶೋಧಕರನ್ನು ರಿಯೊ ಟಿಂಟೊ, ಐಸ್‌ಲ್ಯಾಂಡ್, ಬೋಟ್ಸ್ವಾನಾದ ಮಕ್‌ಗಾಡಿಕ್‌ಗಾಡಿ ಉಪ್ಪು ಬಯಲುಗಳಂಥ ತಾಣಗಳಿಗೆ ಖರ್ಚು ಕೊಟ್ಟು ಕರೆದೊಯ್ಯುತ್ತಿದ್ದ ಯೂರೋಪ್ಲಾನೆಟ್ ಯೋಜನೆಯ ಕಂತು 2024ರಲ್ಲಿ ಮುಗಿಯಿತು. ಆದ್ದರಿಂದ ಹಳೆಯ ಪ್ರಕಟಣೆಯನ್ನು ನಂಬಿ ಯೋಜನೆ ಹಾಕಿಕೊಳ್ಳಬೇಡಿ. ಆ ವರ್ಷದ ಕರೆಯನ್ನೇ ನೋಡಿ.

ಅಡ್ಡಿಗಳನ್ನು ಮುಚ್ಚಿಟ್ಟು ಆಸೆ ಹುಟ್ಟಿಸುವುದು ಸರಿಯಲ್ಲ. ಯುರೋಪ್ ಮತ್ತು ರಷ್ಯಾ ಕೂಡಿ ಕಟ್ಟಿದ ರೊಸಾಲಿಂಡ್ ಫ್ರ್ಯಾಂಕ್ಲಿನ್ ರೋವರ್ ಮಂಗಳದ ನೆಲವನ್ನು 2 ಮೀಟರ್ ಆಳದವರೆಗೆ ಕೊರೆಯಬಲ್ಲದು. ವಿಕಿರಣ ಅಷ್ಟಾಗಿ ತಲುಪದ ಆ ಆಳದಲ್ಲಿ ಸಾವಯವ ಅಣುಗಳು ಉಳಿದಿರುವ ಸಾಧ್ಯತೆ ಹೆಚ್ಚು. 2022ರ ಸೆಪ್ಟೆಂಬರ್‌ನಲ್ಲಿ ರಷ್ಯಾದ ರಾಕೆಟ್ ಮೇಲೆ ಹೊರಡಬೇಕಾಗಿದ್ದ ಅದು ಉಕ್ರೇನ್ ಯುದ್ಧದಿಂದಾಗಿ ಅದೇ ವರ್ಷದ ಮಾರ್ಚ್‌ನಲ್ಲಿ ನಿಂತುಹೋಯಿತು. ಈಗ ಉಡಾವಣೆಯ ಗುರಿ 2028. ಆ ರೋವರ್‌ನ ದತ್ತಾಂಶದ ಮೇಲೆಯೇ ಪಿಎಚ್.ಡಿ. ಮಾಡಬೇಕೆಂದಿದ್ದವರಿಗೆ ಆರು ವರ್ಷವೆಂದರೆ ಒಂದು ಪಿಎಚ್.ಡಿ.ಗಿಂತಲೂ ದೀರ್ಘ. ಇನ್ನೊಂದೆಡೆ, ಅಮೆರಿಕದ ಸಂಸತ್ತು 2011ರಿಂದ ಮುಂದುವರಿಸಿಕೊಂಡು ಬಂದಿರುವ ವುಲ್ಫ್ ತಿದ್ದುಪಡಿಯ ಪ್ರಕಾರ ನಾಸಾ ವಿಶೇಷ ಅನುಮತಿಯಿಲ್ಲದೆ ಚೀನಾದೊಡನೆ ನೇರ ದ್ವಿಪಕ್ಷೀಯ ಸಹಯೋಗ ಮಾಡುವಂತಿಲ್ಲ. ಮಂಗಳದಿಂದ ಮಾದರಿ ತರಲು ಚೀನಾ ತ್ಯಾನ್‌ವೆನ್-3 ಯೋಜನೆಯನ್ನು ಸಿದ್ಧಪಡಿಸುತ್ತಿರುವಾಗ ಈ ಗೋಡೆಯ ಬೆಲೆಯನ್ನು ವಿಜ್ಞಾನವೇ ತೆರಬೇಕಾಗುತ್ತದೆ. ಆದರೂ ಹಿಂದಿನದೊಂದನ್ನು ನೆನೆಯಬೇಕು. ಶೀತಲ ಸಮರ ಕಾವೇರಿದ್ದ 1957ರಲ್ಲಿ ಜೀವದ ಉಗಮದ ಬಗ್ಗೆ ಮಾಸ್ಕೋದಲ್ಲಿ ನಡೆದ ಸಮ್ಮೇಳನಕ್ಕೆ ಅಲೆಕ್ಸಾಂಡರ್ ಓಪಾರಿನ್ ಅವರ ಆತಿಥ್ಯದಲ್ಲಿ ಅಮೆರಿಕದ ಸ್ಟ್ಯಾನ್ಲಿ ಮಿಲ್ಲರ್ ಹೋಗಿದ್ದರು. ಜೀವದ ಉಗಮದ ಅಧ್ಯಯನಕ್ಕೆಂದು ಮುಂದೆ ಹುಟ್ಟಿದ ಅಂತರರಾಷ್ಟ್ರೀಯ ಸಂಘ ಇಸೋಲ್‌ಗೆ ಓಪಾರಿನ್ ಅವರೇ ಮೊದಲ ಅಧ್ಯಕ್ಷರಾದರು. ಸರ್ಕಾರಗಳ ನಡುವಿನ ದಾರಿ ಮುಚ್ಚಿದಾಗಲೂ ಸಂಶೋಧಕರ ನಡುವಿನ ಪತ್ರ ವ್ಯವಹಾರ ಉಳಿದಿತ್ತು. ನಿಮಗೆ ನನ್ನ ಪ್ರಾಯೋಗಿಕ ಸಲಹೆ ಇಷ್ಟು: ಇನ್ನೂ ಉಡಾವಣೆಯಾಗದ ಒಂದೇ ನೌಕೆಯ ಮೇಲೆ ಪ್ರಬಂಧವನ್ನು ಕಟ್ಟಬೇಡಿ, ಕೈಯಲ್ಲಿರುವ ಮಾದರಿ, ತೆರೆದ ದತ್ತಾಂಶಗಳ ಮೇಲೆ ಒಂದು ಅಧ್ಯಾಯವಾದರೂ ನಿಂತಿರಲಿ.

ಕೊನೆಯದಾಗಿ, ತಂಡವನ್ನು ಸೇರುವ ಬಗೆ. ತಿಂಗಳಿಗೆ ಹತ್ತಾರು ವಿದ್ಯಾರ್ಥಿಗಳ ಪತ್ರಗಳು ನನಗೆ ಬರುತ್ತವೆ. ಬಾಲ್ಯದಿಂದ ನಕ್ಷತ್ರಗಳೆಂದರೆ ಇಷ್ಟ ಎಂದು ತೊಡಗುವ ಪತ್ರಗಳ ಪ್ರಾಮಾಣಿಕತೆಯ ಬಗ್ಗೆ ನನಗೆ ಅನುಮಾನವಿಲ್ಲ, ಆದರೆ ಅವುಗಳಿಗೆ ಉತ್ತರಿಸಲು ನನ್ನ ಬಳಿ ಏನೂ ಇರುವುದಿಲ್ಲ. ಒಮ್ಮೆ ಒಬ್ಬ ವಿದ್ಯಾರ್ಥಿನಿ ನಮ್ಮದೇ ಪ್ರಬಂಧದ ಪೂರಕ ಕೋಷ್ಟಕಗಳನ್ನು ಇಳಿಸಿಕೊಂಡು ಲೆಕ್ಕ ಹಾಕಿ, ಮೂರನೆಯ ಕೋಷ್ಟಕದ ಒಂದು ಸಾಲಿನಲ್ಲಿ ಬ್ಲ್ಯಾಂಕ್‌ನ ಮೌಲ್ಯವನ್ನು ಕಳೆದಿಲ್ಲವಲ್ಲ, ಏಕೆ ಎಂದು ನಾಲ್ಕು ಸಾಲು ಬರೆದು ಕೇಳಿದರು. ಅದು ನಮ್ಮ ತಪ್ಪೇ ಆಗಿತ್ತು, ತಿದ್ದುಪಡಿ ಪ್ರಕಟಿಸಿದೆವು. ಮುಂದಿನ ವರ್ಷ ಆಕೆ ನಮ್ಮ ತಂಡದಲ್ಲಿದ್ದರು. ನೀವೂ ಈ ರಜೆಯಲ್ಲಿ ನಿಮಗೆ ಇಷ್ಟವಾದ ಒಂದು ಪ್ರಬಂಧವನ್ನು ಆರಿಸಿಕೊಳ್ಳಿ. ಅದರ ಸಾರಾಂಶವನ್ನು ಬಿಟ್ಟು ವಿಧಾನದ ಭಾಗವನ್ನು ಮೊದಲು ಓದಿ, ಬ್ಲ್ಯಾಂಕ್‌ಗಳ ಬಗ್ಗೆ ಏನು ಬರೆದಿದ್ದಾರೆ ನೋಡಿ, ದತ್ತಾಂಶ ತೆರೆದಿದ್ದರೆ ಒಂದು ಚಿತ್ರವನ್ನಾದರೂ ನೀವೇ ಮತ್ತೆ ಬಿಡಿಸಿ. ಎಲ್ಲಿ ಹೊಂದಲಿಲ್ಲವೋ ಅದನ್ನು ವಿನಯದಿಂದ, ಸ್ಪಷ್ಟವಾಗಿ, ಆ ಲೇಖಕರಿಗೆ ಬರೆಯಿರಿ.